ಒನ್‌ವೇ ಸರಿ, ವಾಪಸ್ ದಾರಿ ಎಲ್ಲಿ?

ಇಕ್ಕಟ್ಟಿನ ಬೀದಿಯಲ್ಲಿ ಕಾರಿಗೆ ಟಾಟಾ ಏಸ್ ಎದುರಾಗಿ, ಇಬ್ಬರಲ್ಲಿ ಯಾರು ರಿವರ್ಸ್ ಹೋಗಬೇಕೆಂದು ಜಗಳ ಶುರುವಾದರೆ ಬೀದಿಯವರ ತೀರ್ಪು ಒಂದೇ: ‘ಇದನ್ನ ಒನ್‌ವೇ ಮಾಡಿಬಿಡಬೇಕು ಕಣ್ರಿ.’ ಮಾಡಬಹುದು. ಅದಕ್ಕೂ ಮೊದಲು ಟೇಪು ಹಿಡಿದು ರಸ್ತೆ ಅಳೆಯುವುದು ಒಳ್ಳೆಯದು.

ಚರಂಡಿಯಿಂದ ಚರಂಡಿಗೆ 7 ಮೀಟರ್ ಇದೆ ಎನ್ನಿ. ಒಂದು ಬದಿ ಕಾರು ನಿಲ್ಲಿಸಿದರೆ ಸುಮಾರು 2 ಮೀಟರ್ ಹೋಯಿತು. ಉಳಿದ 5 ಮೀಟರಿನಲ್ಲಿ ಎರಡು ಕಾರುಗಳು ಕನ್ನಡಿ ತಾಗಿಸಿಕೊಳ್ಳದೆ ನಿಧಾನಕ್ಕೆ ದಾಟಿಕೊಳ್ಳಬಲ್ಲವು. ಎರಡೂ ಬದಿ ನಿಲ್ಲಿಸಿದರೆ ಉಳಿಯುವುದು 3 ಮೀಟರ್, ಒಂದೇ ಗಾಡಿಯ ಜಾಗ. ಅಲ್ಲಿ ದಾರಿ ನುಂಗಿದ್ದು ನಿಂತ ವಾಹನ, ಎದುರಿಗೆ ಬಂದದ್ದಲ್ಲ. ಒಂದು ಬದಿಯ ಪಾರ್ಕಿಂಗ್ ತೆಗೆಸಿದರೆ ಮುಗಿಯುವ ಕಡೆಯೂ ಒನ್‌ವೇ ಬರುವುದುಂಟು. ಅಂಗಡಿಯವರ ಕೋಪ ಕಟ್ಟಿಕೊಳ್ಳುವುದಕ್ಕಿಂತ ನೋ ಎಂಟ್ರಿ ಬೋರ್ಡು ನೆಡುವುದು ಸುಲಭ ತಾನೇ.

ಹಾಗೆಂದು ಒನ್‌ವೇಯ ಲಾಭ ಸುಳ್ಳಲ್ಲ. ಬಡಾವಣೆಯ ಬೀದಿಗಳನ್ನು ದೊಡ್ಡ ರಸ್ತೆಗೆ ಸೇರಿಸುವ ಎರಡು ಲೇನಿನ ರಸ್ತೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ 1990ರ ಮಾರ್ಗಸೂಚಿ ಹಾಕುವ ಲೆಕ್ಕ ಇದು: ಎರಡೂ ಕಡೆ ಓಡಾಟವಿದ್ದರೆ ಗಂಟೆಗೆ 900 ಪಿಸಿಯು, ಒಂದೇ ಕಡೆಗಾದರೆ 1400. ಬೈಕು, ಆಟೊ, ಬಸ್ಸು ಎಲ್ಲವನ್ನೂ ಕಾರಿನ ಲೆಕ್ಕಕ್ಕೆ ಇಳಿಸಿದರೆ ಸಿಗುವುದು ಪಿಸಿಯು. ಚೌಕಗಳಲ್ಲೂ ಗೋಜಲು ಕಡಿಮೆಯಾಗುತ್ತದೆ. ಎರಡು ದ್ವಿಮುಖ ರಸ್ತೆಗಳು ಕೂಡುವಲ್ಲಿ ವಾಹನಗಳ ಹಾದಿ ಒಂದನ್ನೊಂದು 16 ಕಡೆ ಅಡ್ಡ ಹಾಯುತ್ತದೆ. ಎರಡೂ ಏಕಮುಖವಾದರೆ ಒಂದೇ ಕಡೆ.

ಆದರೆ ಹೋದವರು ತಿರುಗಿ ಬರಬೇಕಲ್ಲ. ಬೆಂಗಳೂರಿನ ಮಲ್ಲೇಶ್ವರದಲ್ಲಿ ಸಂಪಿಗೆ ರಸ್ತೆ, ಮಾರ್ಗೋಸಾ ರಸ್ತೆ ಅಕ್ಕಪಕ್ಕದಲ್ಲೇ ಸಾಗುತ್ತವೆ, ನಡುನಡುವೆ ಕ್ರಾಸ್‌ಗಳಿವೆ. ಒಂದರಲ್ಲಿ ಹೋಗಿ ಇನ್ನೊಂದರಲ್ಲಿ ಬರುವ ಏರ್ಪಾಡು ಅಲ್ಲಿ ನಡೆಯುವುದು ಅದಕ್ಕೇ. ಇಂಥ ಜೋಡಿ ಇಲ್ಲದ ಬೀದಿಯಲ್ಲಿ ಐವತ್ತು ಹೆಜ್ಜೆಯಾಚೆಯ ಮೆಡಿಕಲ್ ಶಾಪಿಗೆ ಅರ್ಧ ಕಿಲೋಮೀಟರ್ ಸುತ್ತಿ ಬನ್ನಿ ಎಂದರೆ ಯಾವ ಸ್ಕೂಟರಿನವನೂ ಕೇಳುವುದಿಲ್ಲ, ರಾಂಗ್ ಸೈಡಲ್ಲೇ ನುಗ್ಗುತ್ತಾನೆ. ಎದುರಿನಿಂದ ಏನೂ ಬರುವುದಿಲ್ಲವೆಂದು ನಂಬಿ ಉಳಿದವರು ವೇಗ ಹೆಚ್ಚಿಸಿರುತ್ತಾರೆ, ರಸ್ತೆ ದಾಟುವವರು ಒಂದೇ ಕಡೆ ನೋಡುತ್ತಿರುತ್ತಾರೆ. ನನ್ನ ಮಟ್ಟಿಗೆ, ವಾಪಸ್ ದಾರಿ ಹತ್ತಿರದಲ್ಲಿ ಇಲ್ಲವೆಂದರೆ ಚರ್ಚೆ ಅಲ್ಲಿಗೇ ಮುಗಿಯಿತು. ಇದ್ದರೂ, ಸುತ್ತಿ ಬರುವ ವಾಹನಗಳನ್ನು ಆ ಪಕ್ಕದ ಬೀದಿ ತಾಳಿಕೊಳ್ಳುತ್ತದೆಯೇ ಎಂದು ನೋಡಬೇಕು.

ಅದಕ್ಕೆ ವಾಹನಗಳನ್ನು ಎಣಿಸಬೇಕು. ಎಣಿಕೆಯನ್ನು ಬೆಳಗ್ಗೆ ಮತ್ತು ಸಂಜೆ, ಹದಿನೈದು ನಿಮಿಷಕ್ಕೊಮ್ಮೆ, ಎರಡೂ ದಿಕ್ಕು ಬೇರೆಬೇರೆಯಾಗಿ ಮಾಡುತ್ತಾರೆ. ಬೆಳಗ್ಗೆ ಹೋಗುವ ಹೊಳೆ ಸಂಜೆ ತಿರುಗಿ ಬರುವ ಬೀದಿಯಾದರೆ, ಯಾವ ದಿಕ್ಕು ಆರಿಸಿದರೂ ಅರ್ಧ ದಿನ ತಪ್ಪು.

ದಿಕ್ಕು ಆರಿಸುವಾಗ ಬಸ್ಸಿನ ಬಾಗಿಲು ಮರೆಯಬಾರದು. ನಮ್ಮಲ್ಲಿ ಅದು ಎಡಕ್ಕೆ ತೆರೆಯುತ್ತದೆ. ಶಾಲೆಯ ಗೇಟು ಬಲಕ್ಕೆ ಬಿದ್ದರೆ ಮಕ್ಕಳು ಇಳಿದ ಮೇಲೆ ಪ್ರತಿದಿನ ರಸ್ತೆ ದಾಟಬೇಕು. ದಿಕ್ಕು ತಿರುಗಿಸಿದರೆ ಗೇಟಿನ ಮುಂದೆಯೇ ಇಳಿಯುತ್ತಾರೆ.

ಇಂಥ ನಿರ್ಬಂಧಕ್ಕೆ ಅಧಿಕಾರ ಕೊಡುವುದು 1988ರ ಮೋಟಾರು ವಾಹನ ಕಾಯ್ದೆಯ 115ನೇ ಸೆಕ್ಷನ್. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ಗೆಜೆಟ್ ಅಧಿಸೂಚನೆ ಬೇಕಿಲ್ಲ, ಸ್ಥಳೀಯವಾಗಿ ಪ್ರಚಾರ ಕೊಟ್ಟರೆ ಸಾಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಪ್ರಯೋಗಕ್ಕೆ ಇದಕ್ಕಿಂತ ಅನುಕೂಲ ಬೇರೇನು? ಬ್ಯಾರಿಕೇಡ್ ಇಟ್ಟು, ಪ್ರತಿ ಕ್ರಾಸಿನ ಬಾಯಲ್ಲೂ ಬೋರ್ಡು ಹಾಕಿ, ಮೂರನೇ ವಾರ ಮತ್ತೆ ಎಣಿಸಬೇಕು. ಈ ಸಲ ರಾಂಗ್ ಸೈಡಲ್ಲಿ ಬರುವ ಸ್ಕೂಟರುಗಳಿಗೂ ಒಂದು ಕಾಲಂ ಇರಲಿ. ಅದು ತುಂಬುತ್ತಾ ಹೋದರೆ ಒನ್‌ವೇಯನ್ನು ಒಂದೆರಡು ಕ್ರಾಸಿನಷ್ಟು ಮೊಟಕುಗೊಳಿಸಬಹುದು, ಇಲ್ಲವೇ ಕಾರು-ಲಾರಿಗಳಿಗೆ ಮಾತ್ರ ಜಾರಿ ಮಾಡಬಹುದು.