ಬಿದ್ದ ಮೇಲೂ ಜಿಗಿದ ಮಿದೊರಿ

ಪಾವಗಡದ ಬಿಸಿಲು ಹೆಸರುವಾಸಿ. ಆ ಬಿಸಿಲನ್ನೇ ನೆಚ್ಚಿಕೊಂಡು ತಿರುಮಣಿಯ ಸುತ್ತಮುತ್ತ 2050 ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಪಾರ್ಕ್ ಎದ್ದಿದೆ. ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಮಕ್ಕಳು ಮಂಜುಗಡ್ಡೆ ಕಂಡಿದ್ದರೆ ಅದು ಐಸ್‌ಕ್ಯಾಂಡಿಯಲ್ಲಿ, ಇಲ್ಲವೇ ಜಾತ್ರೆಯ ಶರಬತ್ತಿನಲ್ಲಿ. ಆದರೂ ಮಂಜುಗಡ್ಡೆಯ ಮೇಲೆ ಜಾರುತ್ತಾ ಜಿಗಿದ ಜಪಾನಿನ ಹುಡುಗಿಯೊಬ್ಬಳ ಕಥೆ ಈ ಮಕ್ಕಳಿಗೂ ಅವರ ತಂದೆ ತಾಯಿಗಳಿಗೂ ತೀರಾ ದೂರದ್ದಲ್ಲ. ಏಕೆಂದರೆ ಅದು ಅಂಕಗಳ ಕಥೆ. ಬೀಳುವ ಮತ್ತು ಏಳುವ ಕಥೆ.

ಆಕೆಯ ಹೆಸರು ಮಿದೊರಿ ಇತೊ. ಹುಟ್ಟಿದ್ದು 1969ರ ಆಗಸ್ಟ್ 13ರಂದು, ಜಪಾನಿನ ನಗೋಯಾ ನಗರದಲ್ಲಿ. ಬೆಳೆದು ದೊಡ್ಡವಳಾದ ಮೇಲೂ ಆಕೆಯ ಎತ್ತರ ಐದು ಅಡಿ ಮುಟ್ಟಲಿಲ್ಲ. ತಂದೆ ತಾಯಿ ಬೇರೆಯಾದ ನಂತರ ತರಬೇತುದಾರರಾದ ಮಚಿಕೊ ಯಮಾದಾ ಅವರು ಆಕೆಯನ್ನು ತಮ್ಮ ಮನೆಯಲ್ಲೇ ಇರಿಸಿಕೊಂಡು ಬೆಳೆಸಿದರು. ಗುರುವಿನ ಮನೆಯೇ ಶಿಷ್ಯೆಯ ಮನೆಯಾಯಿತು.

ಅಂದಿನ ಫಿಗರ್ ಸ್ಕೇಟಿಂಗ್ ಸ್ಪರ್ಧೆಯಲ್ಲಿ ಮೂರು ಭಾಗಗಳಿದ್ದವು. ಸಂಗೀತಕ್ಕೆ ತಕ್ಕಂತೆ ಕುಣಿಯುವ, ಜಿಗಿಯುವ ಭಾಗಗಳು ಎರಡು. ಇನ್ನೊಂದು ‘ಕಡ್ಡಾಯ ಆಕೃತಿ’. ಅಂದರೆ ಪಾದರಕ್ಷೆಯ ಅಲಗಿನಿಂದ ಮಂಜಿನ ಮೇಲೆ ವೃತ್ತಗಳನ್ನು ಕೊರೆದು, ಅದೇ ಗೆರೆಯ ಮೇಲೆ ತಪ್ಪದೆ ಮತ್ತೆ ಮತ್ತೆ ಸಾಗುವುದು. ಸ್ಲೇಟಿನ ಮೇಲೆ ಬರೆದ ಅಕ್ಷರವನ್ನು ತಿದ್ದುವಂಥ ಕೆಲಸ. ಮಿದೊರಿಗೆ ಇದು ಒಗ್ಗಲಿಲ್ಲ. 1988ರ ಕ್ಯಾಲ್ಗರಿ ಒಲಿಂಪಿಕ್ಸ್‌ನಲ್ಲಿ ಆಕೆ ಆಕೃತಿಯಲ್ಲಿ 10ನೆಯವಳು. ಕೊನೆಯ ಭಾಗದಲ್ಲಿ ಏಳು ತ್ರಿವಳಿ ಜಿಗಿತಗಳನ್ನು ಮಾಡಿ ಜನರನ್ನು ಎದ್ದು ನಿಲ್ಲಿಸಿದರೂ ಒಟ್ಟಿನಲ್ಲಿ ದಕ್ಕಿದ್ದು 5ನೆಯ ಸ್ಥಾನ. ಒಂದು ವಿಷಯದ ಅಂಕ ಉಳಿದೆಲ್ಲವನ್ನೂ ಕೆಳಗೆಳೆದಿತ್ತು.

ಅದೇ ವರ್ಷದ ಕೊನೆಯಲ್ಲಿ ಆಕೆ ‘ಟ್ರಿಪಲ್ ಆಕ್ಸೆಲ್’ ಜಿಗಿತವನ್ನು ಸಾಧಿಸಿದಳು. ಸ್ಪರ್ಧೆಯಲ್ಲಿ ಇದನ್ನು ಮಾಡಿದ ಮೊದಲ ಮಹಿಳೆ ಆಕೆಯೇ. 1882ರಲ್ಲಿ ಈ ಬಗೆಯ ಜಿಗಿತವನ್ನು ಮೊದಲು ತೋರಿಸಿದ ನಾರ್ವೆಯ ಆಕ್ಸೆಲ್ ಪಾಲ್ಸನ್ ಹೆಸರೇ ಅದಕ್ಕೆ ಉಳಿದಿದೆ. ಮುಮ್ಮುಖವಾಗಿ ಜಿಗಿದು, ಗಾಳಿಯಲ್ಲಿ ಮೂರೂವರೆ ಸುತ್ತು ತಿರುಗಿ, ಹಿಮ್ಮುಖವಾಗಿ ಒಂದೇ ಕಾಲಿನ ಮೇಲೆ ಇಳಿಯಬೇಕು.

ಇದು ಎಷ್ಟು ಕಷ್ಟವೆಂಬುದನ್ನು ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು. ಅರ್ಧ ಮೀಟರ್ ಎತ್ತರಕ್ಕೆ ಜಿಗಿದ ಯಾರೇ ಆಗಲಿ ಮತ್ತೆ ನೆಲ ಮುಟ್ಟಲು ಹಿಡಿಯುವ ಕಾಲ ಸುಮಾರು 0.64 ಸೆಕೆಂಡು. ಅಷ್ಟರೊಳಗೆ ಮೂರೂವರೆ ಸುತ್ತು ಮುಗಿಯಬೇಕಾದರೆ ಸೆಕೆಂಡಿಗೆ ಐದಕ್ಕಿಂತ ಹೆಚ್ಚು ಸುತ್ತಿನ ವೇಗ ಬೇಕು. ಈ ವೇಗ ಎಲ್ಲಿಂದ ಬರುತ್ತದೆ? ತಿರುಗುವ ಸ್ಟೂಲಿನ ಮೇಲೆ ಕೂತು, ಎರಡು ಕೈಯಲ್ಲೂ ಪುಸ್ತಕ ಹಿಡಿದು, ಕೈಚಾಚಿ ನಿಧಾನವಾಗಿ ತಿರುಗಿ. ನಂತರ ಕೈಗಳನ್ನು ಎದೆಗೆ ಎಳೆದುಕೊಳ್ಳಿ. ತಿರುಗುವಿಕೆ ತಟ್ಟನೆ ಚುರುಕಾಗುತ್ತದೆ. ತೂಕ ಅಕ್ಷದ ಹತ್ತಿರ ಬಂದಷ್ಟೂ ವೇಗ ಹೆಚ್ಚುತ್ತದೆ. ಇದೇ ಕೋನೀಯ ಸಂವೇಗದ ಸಂರಕ್ಷಣೆ. ಮಿದೊರಿ ಜಿಗಿದೊಡನೆ ಕೈಕಾಲುಗಳನ್ನು ಮೈಗೆ ಅವಚಿಕೊಂಡು ಬುಗುರಿಯಾಗುತ್ತಿದ್ದಳು. ಇಳಿಯುವಾಗ ಕೈ ಬಿಚ್ಚಿ ವೇಗ ತಗ್ಗಿಸುತ್ತಿದ್ದಳು. ನಿಯಮ ತಿಳಿಯಲು ಒಂದು ಪಿರಿಯಡ್ ಸಾಕು. ಅದು ಮೈಗೂಡಲು ಬೇಕಾದದ್ದು ವರ್ಷಗಟ್ಟಲೆ ಬಿದ್ದು ಏಳುವ ಅಭ್ಯಾಸ.

1989ರಲ್ಲಿ ಪ್ಯಾರಿಸ್‌ನಲ್ಲಿ ಮಿದೊರಿ ವಿಶ್ವ ಚಾಂಪಿಯನ್ ಆದಳು. ಫಿಗರ್ ಸ್ಕೇಟಿಂಗ್‌ನಲ್ಲಿ ಈ ಪಟ್ಟ ಏಷ್ಯಾಕ್ಕೆ ಬಂದದ್ದು ಅದೇ ಮೊದಲು. ಮರುವರ್ಷ ಉಳಿದ ಎರಡೂ ಭಾಗಗಳಲ್ಲಿ ಮೊದಲಿಗಳಾದರೂ ಆಕೃತಿಯಲ್ಲಿ ಮತ್ತೆ 10ನೆಯವಳಾಗಿ ಬೆಳ್ಳಿಗೆ ಇಳಿದಳು. ಅದರ ಬಳಿಕ ವಿಶ್ವ ಸ್ಪರ್ಧೆಯಿಂದ ಆಕೃತಿಯ ಭಾಗವನ್ನೇ ಕೈಬಿಡಲಾಯಿತು. 1991ರ ಮ್ಯೂನಿಕ್ ಸ್ಪರ್ಧೆಯಲ್ಲಿ ಇನ್ನೊಂದು ಪೇಚು. ಜಿಗಿತದ ಭರದಲ್ಲಿ ಆಕೆ ಅಂಗಳದ ಕಟಕಟೆಯ ನಡುವೆ ಟಿ.ವಿ. ಕ್ಯಾಮೆರಾಕ್ಕೆಂದು ಬಿಟ್ಟಿದ್ದ ಜಾಗದಿಂದ ಹೊರಕ್ಕೇ ಹೋದಳು. ಕ್ಷಣಾರ್ಧದಲ್ಲಿ ಒಳಬಂದು ನಗುತ್ತಲೇ ಆಟ ಮುಂದುವರಿಸಿದಳು!

1992ರ ಫೆಬ್ರುವರಿಯಲ್ಲಿ ಫ್ರಾನ್ಸಿನ ಆಲ್ಬರ್ಟ್‌ವಿಲ್‌ನಲ್ಲಿ ಒಲಿಂಪಿಕ್ಸ್. ಜಪಾನ್ ಆಕೆಯಿಂದ ಚಿನ್ನವನ್ನೇ ಬಯಸಿತ್ತು. ಆ ನಿರೀಕ್ಷೆಯ ಭಾರಕ್ಕೆ ತಕ್ಕಡಿ ಎಲ್ಲಿದೆ? ಮೊದಲ ಭಾಗದಲ್ಲೇ ಬಿದ್ದು 4ನೆಯ ಸ್ಥಾನಕ್ಕೆ ಕುಸಿದಳು. ಎರಡನೆಯ ಭಾಗದ ಆರಂಭದಲ್ಲಿ ಟ್ರಿಪಲ್ ಆಕ್ಸೆಲ್‌ಗೆ ಜಿಗಿದಾಗ ಮತ್ತೆ ಬಿದ್ದಳು. ಅಲ್ಲಿಗೆ ಮುಗಿಯಿತೆಂದೇ ಎಲ್ಲರಿಗೂ ಅನಿಸಿರಬೇಕು. ಉಳಿದದ್ದನ್ನು ಜೋಪಾನವಾಗಿ ಮುಗಿಸಿ ಬರಬಹುದಿತ್ತು. ಆದರೆ ಕಾಲುಗಳು ಸೋತಿರುವ ಕೊನೆಯ ಹೊತ್ತಿನಲ್ಲಿ ಆಕೆ ಅದೇ ಜಿಗಿತಕ್ಕೆ ಇನ್ನೊಮ್ಮೆ ಕೈಹಾಕಿದಳು. ಈ ಸಲ ನೆಟ್ಟಗೆ ಇಳಿದಳು. ಒಲಿಂಪಿಕ್ಸ್‌ನಲ್ಲಿ ಟ್ರಿಪಲ್ ಆಕ್ಸೆಲ್ ಮಾಡಿದ ಮೊದಲ ಮಹಿಳೆಯಾದಳು. ಚಿನ್ನ ಅಮೆರಿಕದ ಕ್ರಿಸ್ಟಿ ಯಮಗುಚಿ ಪಾಲಾಯಿತು. ಮಿದೊರಿಗೆ ಬೆಳ್ಳಿ.

ಬೆಳ್ಳಿ ಗೆದ್ದವಳು ಮಾಡಿದ್ದೇನು? ಚಿನ್ನ ತರಲಾಗಲಿಲ್ಲವೆಂದು ದೇಶದ ಜನರ ಕ್ಷಮೆ ಕೇಳಿದಳು. ಈ ಮಾತು ಪೋಷಕರ ಮನಸ್ಸನ್ನು ತಟ್ಟಬೇಕು. ಫಲಿತಾಂಶದ ದಿನ ಎಷ್ಟೋ ಮನೆಗಳಲ್ಲಿ ಶೇಕಡಾ 85 ತಂದ ಮಗಳೂ ತಪ್ಪು ಮಾಡಿದವಳಂತೆ ತಲೆ ತಗ್ಗಿಸಿ ನಿಲ್ಲುತ್ತಾಳೆ. ಆಕೆ ಕ್ಷಮೆ ಕೇಳುವಂಥದ್ದೇನು ಮಾಡಿದ್ದಾಳೆ?

ಜಪಾನ್ ಮಿದೊರಿಯನ್ನು ಮರೆಯಲಿಲ್ಲ. 1998ರಲ್ಲಿ ನಗಾನೊದಲ್ಲಿ ಒಲಿಂಪಿಕ್ಸ್ ನಡೆದಾಗ ಕ್ರೀಡಾಜ್ಯೋತಿ ಬೆಳಗಿಸಿದ್ದು ಆಕೆಯೇ. ಅದೇ ನಗೋಯಾದಲ್ಲಿ ಹುಟ್ಟಿ, ಅದೇ ಮಚಿಕೊ ಯಮಾದಾ ಅವರ ಬಳಿ ಕಲಿತ ಮಾವೊ ಅಸಾದಾ 2010ರ ಒಲಿಂಪಿಕ್ಸ್‌ನಲ್ಲಿ ಮೂರು ಟ್ರಿಪಲ್ ಆಕ್ಸೆಲ್ ಮಾಡಿ ಬೆಳ್ಳಿ ಗೆದ್ದಳು. 2014ರಲ್ಲಿ ಸೋಚಿಯಲ್ಲಿ ಅವಳೂ ಬಿದ್ದಳು. ಮೊದಲ ದಿನ 16ನೆಯ ಸ್ಥಾನ. ಮರುದಿನ ಎದ್ದು ತನ್ನ ಜೀವಮಾನದ ಅತ್ಯುತ್ತಮ ಪ್ರದರ್ಶನಗಳಲ್ಲೊಂದನ್ನು ನೀಡಿ 6ನೆಯ ಸ್ಥಾನಕ್ಕೆ ಏರಿದಳು. ಪದಕ ಸಿಗಲಿಲ್ಲ. ಆದರೆ ಜನ ಇಂದಿಗೂ ನೆನೆಯುವುದು ಆ ದಿನದ ಆಟವನ್ನೇ.

ಶಿರಾದ ಹುಡುಗ ಗಣಿತದಲ್ಲಿ ಎಡವಬಹುದು, ಕೊರಟಗೆರೆಯ ಹುಡುಗಿ ಇಂಗ್ಲಿಷಿನಲ್ಲಿ. ಅವರಿಗೆ ಅದೇ ವರ್ಷ ಇನ್ನೊಂದು ಪರೀಕ್ಷೆ ಕಾದಿರುತ್ತದೆ. ಆಗ ಮನೆಯವರು ಹೇಳಬೇಕಾದ ಮಾತು ದೊಡ್ಡದೇನಲ್ಲ: ‘ಬಿದ್ದದ್ದು ಆಯಿತು, ಏಳು ಮಗು. ಇನ್ನೂ ಹೊತ್ತಿದೆ.’