ಅಪ್ಪನ ಹೆಸರಿನ ಕಾಲಂ ಮತ್ತು ಲಾ ಸ್ಕೂಲ್

ಜಾತಿ ಪ್ರಮಾಣಪತ್ರಕ್ಕೋ ವಿದ್ಯಾರ್ಥಿವೇತನಕ್ಕೋ ಅರ್ಜಿ ಹಿಡಿದು ಹೋದ ಹುಡುಗನಿಗೆ ನಾಡಕಚೇರಿಯಲ್ಲಿ ಕೇಳುವ ಪ್ರಶ್ನೆ: ‘ನಿಮ್ಮಪ್ಪನ ಹೆಸರೇನಪ್ಪಾ?’ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಮುತ್ತು ಕಟ್ಟಿಸಿಕೊಂಡು ದೇವದಾಸಿಯರಾದ ತಾಯಂದಿರ ಮಕ್ಕಳು ಆ ಜಾಗದಲ್ಲಿ ಸೋದರಮಾವನ ಹೆಸರನ್ನೋ ಅವ್ವನ ಹೆಸರನ್ನೋ ಬರೆಸಿ ಬಂದವರು. ಕೆಂಪು–ಬಿಳಿ ಮಣಿಯ ಸರವನ್ನು ಅವ್ವ ಎಂದೋ ಬಿಚ್ಚಿಟ್ಟಿರಬಹುದು. ಕಾಗದಪತ್ರ ಮಾತ್ರ ಅದನ್ನು ಮರೆಯುವುದಿಲ್ಲ.

ಈ ಕಾಲಂ ಬಗ್ಗೆ ತಲೆಕೆಡಿಸಿಕೊಂಡವರಲ್ಲಿ ಬೆಂಗಳೂರು ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್‌ನವರೂ ಇದ್ದಾರೆ. 1986ರ ರಾಜ್ಯ ಕಾಯ್ದೆಯಿಂದ ಹುಟ್ಟಿ, ಎನ್.ಆರ್. ಮಾಧವ ಮೆನನ್ ಅವರ ಕೈಯಲ್ಲಿ ಬೆಳೆದ ಸಂಸ್ಥೆಯಿದು. ಇಲ್ಲಿ ಓದಿದವರೆಲ್ಲ ದೊಡ್ಡ ಕಂಪನಿಗಳ ಪಾಲಾಗುತ್ತಾರೆ ಎಂಬ ಮಾತಿದೆ. ಪೂರ್ತಿ ಸುಳ್ಳೂ ಅಲ್ಲ. ಆದರೆ ಇದೇ ಆವರಣದಲ್ಲಿ ಮಕ್ಕಳ ಹಕ್ಕುಗಳ ಕೇಂದ್ರವೊಂದಿದೆ, ಸಾಮಾಜಿಕ ಹೊರಗಿಡುವಿಕೆಯನ್ನು ಅಧ್ಯಯನ ಮಾಡುವ ಇನ್ನೊಂದು ಕೇಂದ್ರವಿದೆ. ಎರಡನೆಯದನ್ನು ಬಹುಕಾಲ ಮುನ್ನಡೆಸಿದ ಪ್ರೊ. ಎಸ್. ಜಾಫೆಟ್ ಮುಂದೆ ಬೆಂಗಳೂರು ಕೇಂದ್ರ ವಿಶ್ವವಿದ್ಯಾಲಯದ ಮೊದಲ ಕುಲಪತಿಯಾದರು.

ದೇವದಾಸಿ ಪದ್ಧತಿಯನ್ನು ರಾಜ್ಯ ನಿಷೇಧಿಸಿದ್ದು 1982ರಲ್ಲಿ. 1993–94 ಮತ್ತು 2007–08ರ ಎರಡು ಸಮೀಕ್ಷೆಗಳು ಗುರುತಿಸಿದ ಮಹಿಳೆಯರು 46,660. ಇಷ್ಟಾದರೂ ಆ ಕಾಯ್ದೆಗೆ ನಿಯಮಾವಳಿಯೇ ಇಲ್ಲ ಎಂಬುದನ್ನು ಲಾ ಸ್ಕೂಲಿನ ಅಧ್ಯಯನ ಎತ್ತಿ ತೋರಿಸಿತು. ಅದು ಮಾತನಾಡಿಸಿದ ದೇವದಾಸಿಯರಲ್ಲಿ ಸುಮಾರು ಶೇ 19ರಷ್ಟು ಮಂದಿಗೆ ಯಾವುದಾದರೊಂದು ಅಂಗವೈಕಲ್ಯವಿತ್ತು. ಮದುವೆಯಾಗದು ಎನಿಸಿದ ಮಗಳನ್ನು ದೇವರಿಗೆ ಬಿಟ್ಟು ಮನೆಯ ಹೊರೆ ಇಳಿಸಿಕೊಳ್ಳುವುದನ್ನು ಹರಕೆ ಎಂದು ಕರೆಯಲು ನನಗಂತೂ ಮನಸ್ಸು ಬಾರದು.

2018ರಲ್ಲಿ ಸಂಸ್ಥೆ ಹೊಸ ಮಸೂದೆಯ ಕರಡನ್ನೇ ಸಿದ್ಧಪಡಿಸಿತು. ಹಳೆಯ ಕಾಯ್ದೆಯ ಕಣ್ಣಿದ್ದದ್ದು ಶಿಕ್ಷೆಯ ಮೇಲೆ. ಈ ಕರಡು ಪುನರ್ವಸತಿಯನ್ನೂ ಮಕ್ಕಳ ಹಕ್ಕನ್ನೂ ಮುಂದಕ್ಕೆ ತಂದಿತು. ಅದು ವರ್ಷಗಟ್ಟಲೆ ಸರ್ಕಾರದ ಕಡತದಲ್ಲಿ ಕುಳಿತಾಗ, ಜಾರಿ ಮಾಡಿ ಎಂದು ಬೀದಿಗಿಳಿದವರು ವಿಮುಕ್ತ ದೇವದಾಸಿ ಮಹಿಳಾ ಮತ್ತು ಮಕ್ಕಳ ವೇದಿಕೆಯಂಥ ಸಂಘಟನೆಗಳ ಹೆಣ್ಣುಮಕ್ಕಳು. ವಿದ್ವಾಂಸರು ಬರೆದ ಕಾಗದಕ್ಕೆ ಜೀವ ಬಂದದ್ದು ಅವರಿಂದ. 2025ರ ಆಗಸ್ಟ್‌ನಲ್ಲಿ ಹೊಸ ಮಸೂದೆಗೆ ವಿಧಾನಸಭೆಯ ಒಪ್ಪಿಗೆ ಸಿಕ್ಕಿತು. ತಂದೆ ಯಾರೆಂದು ಗುರುತಿಸಿಕೊಳ್ಳುವ ಹಕ್ಕು, ಅವನ ಆಸ್ತಿಯಲ್ಲಿ ಪಾಲು ಕೇಳುವ ಹಕ್ಕು ಮಕ್ಕಳಿಗೆ ಅದರಲ್ಲಿದೆ.

ಹಕ್ಕು ಬರೆದಾಯಿತು, ಕೇಳಿ ಪಡೆಯುವುದು ಬೇರೆ ಕೆಲಸ. ಊರಿನ ಉಳ್ಳವನನ್ನು ‘ನೀನೇ ನನ್ನಪ್ಪ’ ಎಂದು ಅಧಿಕಾರಿಗಳ ಮುಂದೆ ನಿಲ್ಲಿಸಲು ಮಾನ್ವಿಯ ಕೂಲಿಯವಳ ಮಗನಿಗೆ ಜೊತೆಗೊಬ್ಬ ವಕೀಲ ಬೇಕು. ನಾಗರಭಾವಿ ಅವನಿಗೆ ದೂರ. ರಾಯಚೂರಿನಲ್ಲೇ ಎಸ್‌ಸಿಎಬಿ ಕಾನೂನು ಕಾಲೇಜಿದೆ. ಅಲ್ಲಿ ಓದಿದ ಹುಡುಗ ಹುಡುಗಿಯರಿಗೆ ಈ ಸೀಮೆಯ ಮಾತೂ ಗೊತ್ತು, ಮುಲಾಜೂ ಗೊತ್ತು; ಈ ಮೊಕದ್ದಮೆಗಳು ಅವರ ಕೈಗೇ ಬರಬೇಕು.

ಓದುಗರಲ್ಲಿ ಯಾರಿಗಾದರೂ ಇಂಥ ಕುಟುಂಬ ಗೊತ್ತಿದ್ದರೆ ಇಷ್ಟು ತಿಳಿಸಿ: ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.