ಗಡ್ಡೆಯೊಳಗಿನ ವೈರಸ್

ಮಕ್ಕಳೇ, ರೋಗಾಣುಗಳಿಂದ ನಮ್ಮನ್ನು ಕಾಯುವ ಬಿಳಿ ರಕ್ತಕಣಗಳಲ್ಲಿ ಲಿಂಫೋಸೈಟ್ ಎಂಬುದು ಒಂದು ಬಗೆ. ಇವು ಅಂಕೆಮೀರಿ ಬೆಳೆದಾಗ ಬರುವ ಕ್ಯಾನ್ಸರೇ ಲಿಂಫೋಮಾ.

ಉಗಾಂಡದ ಮಕ್ಕಳ ದವಡೆಯಲ್ಲಿ ಬೆಳೆಯುತ್ತಿದ್ದ ಇಂಥ ಗಡ್ಡೆಯನ್ನು 1958ರಲ್ಲಿ ಡಾ. ಬರ್ಕಿಟ್ ವಿವರಿಸಿದರು. 1964ರಲ್ಲಿ ಎಪ್‌ಸ್ಟೀನ್, ಅಚಾಂಗ್, ಬಾರ್ ಎಂಬ ವಿಜ್ಞಾನಿಗಳು ಆ ಗಡ್ಡೆಯ ಕೋಶಗಳಲ್ಲಿ ಒಂದು ವೈರಸ್ಸನ್ನು ಕಂಡರು. ಎಂಜಲಿನಿಂದ ಹರಡುವ ಈ ವೈರಸ್ ಜಗತ್ತಿನ ನೂರಕ್ಕೆ 90ರಷ್ಟು ವಯಸ್ಕರಲ್ಲಿ ಸದ್ದಿಲ್ಲದೆ ನೆಲೆಸಿದೆ. ಕ್ಯಾನ್ಸರ್ ಬರುವುದು ಬಹು ವಿರಳ. ಪದೇ ಪದೇ ಮಲೇರಿಯಾ ಬಂದು ದೇಹದ ಕಾವಲು ಸಡಿಲಗೊಂಡು, ಕೋಶದ ವಂಶವಾಹಿಯೂ ಕೆಟ್ಟಾಗ ಅಪಾಯ ಹೆಚ್ಚು.

ಆದ್ದರಿಂದ ರೋಗಿಯೊಡನೆ ಕುಳಿತರೆ, ಉಂಡರೆ ಕ್ಯಾನ್ಸರ್ ಅಂಟದು, ಅವರನ್ನು ದೂರವಿಡಬೇಡಿ. ಕತ್ತು, ಕಂಕುಳಲ್ಲಿ ಕರಗದ ಗಡ್ಡೆಯಿದ್ದರೆ ಬೇಗ ವೈದ್ಯರಿಗೆ ತೋರಿಸಿ. ನಮ್ಮ ಮದ್ದೂರಿನವರಿಗೆ ಹೈದರಾಬಾದಿನ ಎಂ.ಎನ್.ಜೆ., ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಗಳಿವೆ.